ಮಿಂಚದ ಕಣ್ಣುಗಳ ದಾರಿ

ಡಿಸೆಂಬರಿನ ನಸುಕಿನಲ್ಲಿ, ಐದೂವರೆಯ ಹೊತ್ತಿಗೆ, ತೇರಣಾ ನದಿಯ ಸೇತುವೆಗಿಂತ ಸ್ವಲ್ಪ ಈಚೆ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ ಎಂಜಿನ್ ಆರಿಸುತ್ತೇನೆ. ಆರಿಸಿದ ಮೇಲೂ ಅದು ತಕ್ಷಣ ಸುಮ್ಮನಾಗುವುದಿಲ್ಲ. ಬಿಸಿಗೆ ಹಿಗ್ಗಿದ್ದ ಸೈಲೆನ್ಸರಿನ ಕೊಳವೆ ತಣ್ಣಗಾಗುತ್ತ ಕುಗ್ಗುವಾಗ ಟಿಕ್ ಟಿಕ್ ಎನ್ನುತ್ತದೆ. ಮೊದಲು ಒತ್ತೊತ್ತಾಗಿ, ಆಮೇಲೆ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಟ್ಟು, ಕೊನೆಗೆ ಮುಗಿಯಿತು ಎಂದುಕೊಂಡ ಮೇಲೆ ಇನ್ನೊಂದು. ಆ ಕೊನೆಯ ಟಿಕ್ ಕೇಳುವ ತನಕ ನಾನು ಗಾಜು ಇಳಿಸುವುದಿಲ್ಲ. ಅಷ್ಟರಲ್ಲಿ ಟಿಟ್ಟಿಭಗಳು ಕೂಗು ನಿಲ್ಲಿಸಿ ಮತ್ತೆ ಕೆಸರಿಗೆ ಇಳಿದಿರುತ್ತವೆ. ಎರಡು ಹೆಜ್ಜೆ ಓಡಿ, ನಿಂತು, ಕೊರಳು ಬಾಗಿಸಿ, ಏನನ್ನೋ ಹೆಕ್ಕಿ, ಮತ್ತೆ ಎರಡು ಹೆಜ್ಜೆ.

ಉಮರ್ಗಾ, ನಿಲಂಗಾ, ಉದಗೀರ. ಈ ಮೂರು ಊರುಗಳ ನಡುವಿನ ದಾರಿಗಳಲ್ಲಿ ಹದಿನಾಲ್ಕು ವರ್ಷಗಳಿಂದ ಒಂದೇ ಕಾರಿನಲ್ಲಿ ಓಡಾಡುತ್ತಿದ್ದೇನೆ. ಉಮರ್ಗಾ ಧಾರಾಶಿವ ಜಿಲ್ಲೆಯದು, ಉಳಿದೆರಡು ಲಾತೂರಿನವು. ಗಡಿಗೆ ಹತ್ತಿಕೊಂಡ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಬಜಾರದಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖ್ಖನಿ. ನೆಲ ಮಾತ್ರ ಎಲ್ಲ ಕಡೆ ಒಂದೇ. ಬಸಾಲ್ಟ್ ಕಲ್ಲು ಸವೆದು ಆದ ಎರೆಮಣ್ಣು ಹಸಿಯಿದ್ದಾಗ ಕಾಡಿಗೆಯಷ್ಟು ಕಪ್ಪು, ಒಣಗಿದಾಗ ಎಮ್ಮೆಯ ಮೈಯ ಬೂದು. ಅದರ ಮೇಲೆ ಸೋಯಾ, ತೊಗರಿ, ಬಿಳಿಜೋಳ, ನೀರಿದ್ದಲ್ಲಿ ಕಬ್ಬು. ದಾರಿಬದಿಗೆ ಜಾಲಿ, ಬೇವು, ಹುಣಸೆ. ತಂತಿಯ ಮೇಲೆ ನೀಲಕಂಠ, ಕಾಜಾಣ. ನಡೆದು ಬರುವ ಮನುಷ್ಯನನ್ನು ಕಂಡರೆ ಹಾರುವ ಹಕ್ಕಿ ನಿಂತ ಕಾರಿಗೆ ಹೆದರುವುದಿಲ್ಲ. ಹೀಗಾಗಿ ಕಾರು ನನಗೆ ಮೊದಲಿಗೆ ಒಂದು ಮರೆ. ವರ್ಷಗಟ್ಟಲೆ ಅದರೊಳಗೆ ಕೂತು ಹೊರಗೆ ನೋಡಿದವನ ಕಣ್ಣು ನಿಧಾನಕ್ಕೆ ಕಾರಿನ ಕಡೆಗೂ ಹೊರಳಿತು. ಅದಕ್ಕೂ ಕಾವಿದೆ, ಉಸಿರಿದೆ, ದಣಿವಿದೆ. ದಣಿದಾಗ ಅದು ಕೊಡುವ ಸನ್ನೆಗಳಿವೆ. ಹಕ್ಕಿಗಳ ಟಿಪ್ಪಣಿ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಅವನ್ನೂ ಬರೆದಿಡತೊಡಗಿದೆ.

ಕೀಲಿ ತಿರುವಿ, ಎಂಜಿನ್ ಎಬ್ಬಿಸದೆ ಒಂದು ಗಳಿಗೆ ತಡೆದರೆ ಎದುರಿನ ಫಲಕದಲ್ಲಿ ದೀಪಗಳೆಲ್ಲ ಒಮ್ಮೆಗೇ ಏಳುತ್ತವೆ. ಎಣ್ಣೆಯ ಗಿಂಡಿ ಒಂದು, ಅದರ ಮೂತಿಯಿಂದ ಇನ್ನೇನು ಬೀಳಲಿರುವ ಹನಿ, ದಾಳಿಂಬೆ ಕಾಳಿನ ಕೆಂಪು. ಕೂಡುವ, ಕಳೆಯುವ ಗುರುತು ಹೊತ್ತ ಬ್ಯಾಟರಿ ಡಬ್ಬಿ ಅದೇ ಕೆಂಪು. ವೃತ್ತದೊಳಗೆ ಉದ್ಗಾರ ಚಿಹ್ನೆಯ ಬ್ರೇಕ್ ದೀಪವೂ ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ಕೂತ ಮನುಷ್ಯನ ಆಕಾರವೂ ಕೆಂಪೇ. ಎಂಜಿನಿನ ಆಕಾರದ್ದೊಂದು ಮಾತ್ರ ಬೇರೆ, ಮುತ್ತುಗದ ಹೂವು ಬಾಡುವ ಹೊತ್ತಿನ ಕಿತ್ತಳೆ ಹಳದಿ. ಕೆಂಪು ಉಳಿದರೆ ನಿಲ್ಲಬೇಕು. ಹಳದಿ ಉಳಿದರೆ ಬೇಗ ತೋರಿಸಬೇಕು. ಹೆಡ್‌ಲೈಟಿನ ದೂರದ ಬೆಳಕು ಹಾಕಿದಾಗ ಏಳುವ ನೀಲಿಯೂ ಒಂದಿದೆ. ಅದು ಬೆಳಕು ಉರಿಯುತ್ತಿದೆ ಎಂಬ ಸುದ್ದಿ ಅಷ್ಟೇ, ಆದರೆ ಎದುರಿನಿಂದ ಬರುವವನ ಕಣ್ಣು ಕುರುಡಾಗುತ್ತಿದೆ ಎಂಬ ಸುದ್ದಿಯೂ ಹೌದು.

ಎಂಜಿನ್ ಎದ್ದ ಮೇಲೆ, ಬೆಲ್ಟ್ ಕಟ್ಟಿ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೆ, ಒಂದೊಂದಾಗಿ ಎಲ್ಲವೂ ಆರಬೇಕು. ಎಣ್ಣೆಯ ಗಿಂಡಿ ಆರಲು ಅರೆಗಳಿಗೆ ಹಿಡಿಯುತ್ತದೆ, ಪಂಪು ಎಣ್ಣೆಯನ್ನು ಮೇಲಕ್ಕೆ ದೂಡಿ ಒತ್ತಡ ಏರಿಸುವಷ್ಟು ಹೊತ್ತು. ಕೊಕ್ಕರೆಯ ಹಿಂಡು ಎಣಿಸುವ ರೂಢಿಯವನಾದ್ದರಿಂದ ನಾನು ದಿನಾ ಎಣಿಸುತ್ತೇನೆ. ಐದು. ಒಂದು ಫೆಬ್ರವರಿಯ ಬೆಳಗ್ಗೆ ನಾಲ್ಕೇ ಎದ್ದವು. ಕೀಲಿ ಆರಿಸಿ ಮತ್ತೆ ತಿರುವಿದೆ, ನಾಲ್ಕೇ. ಎಣ್ಣೆಯ ಗಿಂಡಿ ಇರಲಿಲ್ಲ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಸರಿಯಾಗಿಯೇ ಇತ್ತು. ಸತ್ತದ್ದು ಅದರ ಬಲ್ಬು. ಎಣ್ಣೆ ಬತ್ತಿದ ದಿನ ನನಗೆ ಹೇಳಬೇಕಾಗಿದ್ದದ್ದು ಆ ಬಲ್ಬೇ. ಬೆಳಗಿದ ದೀಪ ಯಾರ ಕಣ್ಣಿಗಾದರೂ ಬೀಳುತ್ತದೆ. ಬೆಳಗದಿರುವ ದೀಪ ಎಣಿಸಿದವನಿಗೆ ಮಾತ್ರ ಕಾಣುತ್ತದೆ. ಎಬಿಎಸ್, ಏರ್‌ಬ್ಯಾಗ್ ಇರುವ ಹೊಸ ಕಾರುಗಳಲ್ಲಿ ಅವುಗಳ ದೀಪಗಳೂ ಹೀಗೆಯೇ ಎದ್ದು ಆರಬೇಕು. ಏರ್‌ಬ್ಯಾಗಿನದು ಆರದೆ ಉಳಿದರೆ ಗುದ್ದಿದ ಕ್ಷಣ ಚೀಲ ಬಿಚ್ಚಿಕೊಳ್ಳದೆ ಹೋಗಬಹುದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಆ ಹಳದಿ. ಕೆಂಪು ಕಂಡರೆ ಜನ ಗಾಬರಿಯಾಗಿ ನಿಲ್ಲುತ್ತಾರೆ. ಹಳದಿಯನ್ನು ತಿಂಗಳುಗಟ್ಟಲೆ ಜೊತೆಗಿಟ್ಟುಕೊಂಡು ಓಡಿಸುತ್ತಾರೆ. ಕೇಳಿದರೆ, "ಇರ್ಲಿ ಬಿಡ್ರಿ, ಮೊದಲಿಂದ್ಲೂ ಅದ ಅದು" ಎನ್ನುತ್ತಾರೆ. ಈ ಸೀಮೆಯಲ್ಲಿ ಬದುಕಿದವನಿಗೆ ಆ ಮಾತು ಕೇಳಿದಾಗ ಕಿಲ್ಲಾರಿ ನೆನಪಾಗದೆ ಇರದು. 1992ರಲ್ಲಿ ಅಲ್ಲಿ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗಿತ್ತು. ದಿನ ಕಳೆದಂತೆ ನಡುಕವೂ ರೂಢಿಯಾಯಿತು. 1993ರ ಸೆಪ್ಟೆಂಬರ್ 30ರ ನಸುಕಿಗೆ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಊರುಗಳ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಬಿದ್ದವು. ಕಿಲ್ಲಾರಿ, ಸಾಸ್ತೂರು, ಸುತ್ತಿನ ಹಳ್ಳಿಗಳು, ಸಾವಿರಾರು ಜನ. ಭೂಮಿಯ ಸನ್ನೆಯಿಂದ ದಿನ, ಗಳಿಗೆ ಹೇಳಬಲ್ಲವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಾರಿನ ಹಳದಿ ದೀಪ ಓದಬಲ್ಲವರು ಮಾತ್ರ ಪ್ರತಿ ತಾಲೂಕು ಊರಿನಲ್ಲಿದ್ದಾರೆ, ಅರ್ಧ ಗಂಟೆಯ ಕೆಲಸಕ್ಕೆ.

ಬಾನೆಟ್ ಎತ್ತುವುದು ನನಗೆ ಹೊಲದ ಕಲ್ಲು ಮಗುಚಿ ನೋಡಿದ ಹಾಗೆ. ವೈಪರಿನ ಬುಡದ ಜಾಲರಿಯಲ್ಲಿ ಮಾರ್ಚಿನ ಹೊತ್ತಿಗೆ ಬೇವಿನ ಎಲೆ ತುಂಬಿರುತ್ತದೆ, ಬಿದ್ದ ದಿನ ಅರಿಸಿನ ಹಳದಿ, ವಾರದಲ್ಲಿ ಚಹಾಪುಡಿಯ ಕಂದು. ಅವು ಕೊಳೆತು ನೀರು ಬಸಿಯುವ ದಾರಿ ಮುಚ್ಚಿದರೆ ಜೂನಿನ ಮಳೆ ಕಾಲಡಿಯ ಚಾಪೆಗೆ ಇಳಿಯುತ್ತದೆ. ಗಾಳಿ ಸೋಸುವ ಫಿಲ್ಟರಿನ ಡಬ್ಬಿ ಬಿಚ್ಚಿದರೆ ಒಂದು ಋತುವಿನ ಚರಿತ್ರೆಯೇ ಒಳಗಿರುತ್ತದೆ. ಕಾಗದದ ನಿರಿಗೆಗಳ ಒಂದು ಮೈ ಎರೆಯ ಧೂಳಿನಿಂದ ಬೂದಿ ಬಳಿದಂತೆ, ಇನ್ನೊಂದು ಮೈ ಇನ್ನೂ ಹಾಲು ಬಿಳುಪು. ನಿರಿಗೆಗಳ ಸಂದಿನಲ್ಲಿ ಜೋಳದ ಹೊಟ್ಟು, ಪತಂಗದ ಒಂದು ರೆಕ್ಕೆ, ಬೇವಿನ ಹೂವಿನ ಒಣಗಿದ ನಕ್ಷತ್ರಗಳು. ಕಾರಿನ ಪುಸ್ತಕ ಹೇಳುವ ಕಿಲೋಮೀಟರಿಗಿಂತ ಬಹಳ ಮೊದಲೇ ನಮ್ಮ ಕಡೆ ಈ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಏರಿನಲ್ಲಿ ಕಾರು ಉಬ್ಬಸದವರಂತೆ ಎಳೆಯತೊಡಗಿದರೆ ನಾನು ಮೊದಲು ಬಿಚ್ಚುವುದು ಆ ಡಬ್ಬಿ.

ಒಂದು ಮಾರ್ಚಿನಲ್ಲಿ, ಎಡಬದಿಯ ಹಿಂಬಾಗಿಲಿನ ಅಡಿಗೆ, ಮಳೆನೀರು ಬಸಿದು ಹೋಗಲೆಂದು ಬಿಟ್ಟ ಕಿಂಡಿಯಲ್ಲಿ ಕಣಜವೊಂದು ಗೂಡು ಕಟ್ಟುವುದನ್ನು ಕಂಡೆ. ನಡು ದಾರದಷ್ಟು ಸಣ್ಣ, ಕಾಲು ಹಳದಿ, ಮೈ ಕಪ್ಪು. ನಲ್ಲಿಯ ಬಳಿಯ ಕೆಸರಿನಿಂದ ಸಾಸಿವೆಗಿಂತ ತುಸು ದೊಡ್ಡ ಉಂಡೆ ಹೊತ್ತು ಬರುತ್ತಿತ್ತು. ಉಂಡೆಯನ್ನು ಅಂಚಿಗೆ ಒತ್ತಿ ಎಳೆಯುವಾಗ ಅದರ ಝೇಂಕಾರದ ಸ್ವರ ಮೇಲಕ್ಕೇರುತ್ತಿತ್ತು, ಮುಗಿದ ಕೂಡಲೇ ಇಳಿಯುತ್ತಿತ್ತು. ಆ ಮಧ್ಯಾಹ್ನ ಅದು ಇಪ್ಪತ್ತಾರು ಸಲ ಹೋಗಿ ಬಂತು. ಮರುದಿನ ಕುಟುಕಿ ಜಡವಾಗಿಸಿದ ಜೇಡಗಳನ್ನು ಒಂದೊಂದಾಗಿ ತಂದು ತುಂಬಿ, ಬಾಯಿ ಮುಚ್ಚಿ, ಮತ್ತೆ ಬರಲಿಲ್ಲ. ಕಿಂಡಿ ಮುಚ್ಚಿದರೆ ಬಾಗಿಲಿನೊಳಗೆ ನೀರು ನಿಂತು ತಗಡು ಒಳಗಿನಿಂದ ತುಕ್ಕು ತಿನ್ನುತ್ತದೆ. ಆದರೆ ಮಳೆಗೆ ಇನ್ನೂ ಎರಡು ತಿಂಗಳಿತ್ತು. ಏಪ್ರಿಲಿನಲ್ಲಿ ಮಣ್ಣಿನ ಮುಚ್ಚಳದಲ್ಲಿ ದುಂಡನೆಯ ತೂತು ಕಂಡ ಮೇಲೆಯೇ ಹುಲ್ಲುಕಡ್ಡಿಯಿಂದ ಅದನ್ನು ಬಿಡಿಸಿದೆ.

ಇಲಿಗಳು ಬರುವುದು ಸುಗ್ಗಿ ಮುಗಿದ ಮೇಲೆ, ಚಳಿಗೆ. ಈಗಷ್ಟೇ ಆರಿಸಿದ ಎಂಜಿನಿನ ಕಾವು ಅವಕ್ಕೆ ಹೊದಿಕೆ. ಬೆಳಗ್ಗೆ ಬ್ಯಾಟರಿಯ ಮೇಲೆ ಕರಿ ಅಕ್ಕಿಕಾಳಿನಂಥ ಹಿಕ್ಕೆ, ವೈರಿನ ಬಣ್ಣಬಣ್ಣದ ಪುಡಿ, ಅದರ ನಡುವೆ ಹೊಸದಾಗಿ ಬೆತ್ತಲಾದ ತಾಮ್ರದ ಹೊಳಪು ಕಂಡರೆ ಕೀಲಿ ತಿರುವದೆ ಮಿಸ್ತ್ರಿಯನ್ನು ಕರೆಯುತ್ತೇನೆ.

ಇರುಳು ಕಾರು ನಿಂತ ನೆಲವನ್ನು ಬೆಳಗ್ಗೆ ನೋಡುವುದು ಪ್ರಾಣಿ ಮಲಗಿ ಎದ್ದ ಜಾಗ ನೋಡುವಂತೆಯೇ. ಹಿಂದಿನ ದಿನ ಏಸಿ ಹಾಕಿದ್ದರೆ ಬರೀ ನೀರಿನ ಕಲೆ, ಅದು ಆರೋಗ್ಯ. ಎಂಜಿನ್ ಎಣ್ಣೆಯದು ಕಪ್ಪುಗಂದು, ಬೆರಳಿಗೆ ಜಾರು. ಕೂಲಂಟಿನದು ಗಿಳಿಹಸಿರು ಅಥವಾ ಗುಲಾಬಿ, ಮೂಸಿದರೆ ಸಿಹಿಯ ಸುಳಿವು. ಅದು ವಿಷ, ನಾಯಿ ನೆಕ್ಕದಂತೆ ತೊಳೆಯಬೇಕು. ಚಕ್ರದ ಒಳಮೈ ಹತ್ತಿರ ತೆಳ್ಳನೆಯ ಜಿಡ್ಡಿನ ತೇವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು, ಆ ಕಾರು ಅಂಗಳ ದಾಟಬಾರದು. ಏಪ್ರಿಲ್‌, ಮೇ ತಿಂಗಳಲ್ಲಿ ರೇಡಿಯೇಟರ್ ಕುದ್ದು ದಾರಿಬದಿಗೆ ನಿಂತ ಕಾರುಗಳನ್ನು ಕಾಣುತ್ತೇನೆ. ಬಿಸಿಯಲ್ಲೇ ಮುಚ್ಚಳ ತಿರುವಿದವರ ಕೈಯನ್ನೂ ಕಂಡಿದ್ದೇನೆ. ಒಳಗೆ ಒತ್ತಡದಲ್ಲಿದ್ದ ನೀರು ಬಾಯಿ ತೆರೆದ ಕ್ಷಣ ಹಬೆಯಾಗಿ ಚಿಮ್ಮುತ್ತದೆ. ನೆರಳಿನಲ್ಲಿ ಅರ್ಧ ಗಂಟೆಗೂ ಮೀರಿ ಕಾಯುವುದೊಂದೇ ಅದಕ್ಕೆ ದಾರಿ. ಆ ಹೊತ್ತಿನಲ್ಲಿ ಜಾಲಿಯ ಮೇಲಿನ ಕಳಿಂಗನನ್ನು ನೋಡಬಹುದು.

ಉದಗೀರಿನಲ್ಲಿ ನಾನು ಹೋಗುವ ಗ್ಯಾರೇಜಿನ ಮಿಸ್ತ್ರಿ ಮಾತು ಕಡಿಮೆ, ಕೇಳುವುದು ಹೆಚ್ಚು. ಒಮ್ಮೆ ಮುಂಚಕ್ರದಿಂದ ಸಣ್ಣ ಸಿಳ್ಳಿನಂಥ ಸದ್ದು ಬರತೊಡಗಿತ್ತು, ಮಧ್ಯಾಹ್ನದ ಜೀರುಂಡೆಯ ಸ್ವರಕ್ಕೆ ಹತ್ತಿರ, ಇನ್ನೂ ತೆಳು.

"ಎಷ್ಟ್ ದಿನದಿಂದ ಬರ್ಲತ್ತದ್ರಿ ಗುರುಜಿ ಈ ಆವಾಜ್?"

"ಸೋಮಾರದಿಂದ."

"ಬ್ರೇಕ್ ಮ್ಯಾಲೆ ಕಾಲಿಟ್ಟಾಗಷ್ಟೇ ಏನ್ರಿ?"

"ಕಾಲಿಟ್ಟಾಗಷ್ಟೇ."

ಅವರು ನನ್ನ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು, ಕೋಟೆಯ ಕಡೆಗೆ ಒಂದು ಸುತ್ತು ಹೊಡೆಸಿದರು. ಹಿಂದಿರುಗಿ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡನ್ನು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು. ಉಜ್ಜುವ ಪದರ ಎರಡು ರೊಟ್ಟಿಯ ದಪ್ಪಕ್ಕೆ ಇಳಿದಿತ್ತು. ಅದರ ಅಂಚಿಗೆ ಉಗುರಿನಷ್ಟು ಉಕ್ಕಿನ ಪಟ್ಟಿ, ತುದಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಪದರ ಸವೆದು ಮುಗಿಯುವ ಮೊದಲೇ ತಿರುಗುವ ತಟ್ಟೆಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. "ಇದು ಒದರಿದ್ರ ಒಳ್ಳೇದ್ರಿ. ಇದು ಸುಮ್ಮನಾಗಿ ಗರ್ ಗರ್ ಅಂದ್ರ ಮುಗೀತು" ಎಂದರು. ಯಾರೋ ಒಬ್ಬ ಎಂಜಿನಿಯರ್ ಎಲ್ಲೋ ಕೂತು, ಕಾಣದ ಊರಿನ ಕಾಣದ ಮನುಷ್ಯನಿಗಾಗಿ ಈ ಕೂಗನ್ನು ಮೊದಲೇ ಕಟ್ಟಿಟ್ಟಿದ್ದಾನೆ. ಅಂಗೈಯಲ್ಲಿ ಆ ಪ್ಯಾಡು ತಣ್ಣಗಾಗುವವರೆಗೂ ನನಗೆ ಅದನ್ನು ಕೆಳಗಿಡಲಾಗಲಿಲ್ಲ.

ಬ್ರೇಕ್ ಆಯಿಲನ್ನೂ ಅವರು ಆ ದಿನವೇ ಬದಲಿಸಿದರು. ಹೊಸದು ಹರಳೆಣ್ಣೆಯ ತಿಳಿ ಬಣ್ಣ, ನನ್ನ ಕಾರಿನಿಂದ ಇಳಿದದ್ದು ಕಾಯಿಸಿದ ಬೆಲ್ಲದ ಪಾಕ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಮೇಲಿಂದ ಮೇಲೆ ಬ್ರೇಕ್ ಒತ್ತಿ ಕಾವೇರಿದಾಗ ಆ ನೀರು ಹಬೆಯಾಗುತ್ತದೆ, ಪೆಡಲ್ ಪೊಳ್ಳಾಗಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆಯ ಕೆಲಸ. ನಾನು ಹಕ್ಕಿಯ ವಲಸೆಗೆ ಗಂಟು ಹಾಕಿ ನೆನಪಿಟ್ಟಿದ್ದೇನೆ, ಕರ್ಕರೆ ಕೊಕ್ಕರೆಗಳು ಎರಡು ಸಲ ಬಂದು ಹೋದರೆ ಒಂದು ಸಲ ಆಯಿಲ್.

ಬೇಸಿಗೆಯಲ್ಲಿ ಎರೆಭೂಮಿ ಬಿರಿಯುತ್ತದೆ. ಮೊದಲು ಕೂದಲೆಳೆ, ಆಮೇಲೆ ಬೆರಳು, ಮೇ ಹೊತ್ತಿಗೆ ಅಂಗೈ ಇಳಿಯುವಷ್ಟು. ನನ್ನ ಟೈರಿನ ಪಕ್ಕದ ಗೋಡೆಯಲ್ಲಿ ಅದೇ ನಕ್ಷೆಯ ಕೂದಲೆಳೆ ಬಿರುಕು ಕಂಡದ್ದು ಆರನೆಯ ವರ್ಷ. ನೆಲ ಹಿಡಿಯುವ ಮೈಯ ಹೂವು ಇನ್ನೂ ಆಳವಿತ್ತು. ರಬ್ಬರು ಮಾತ್ರ ಮುದಿಯಾಗಿತ್ತು. ಟೈರಿನ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ, ನಾಲ್ಕು ಅಂಕಿಗಳಲ್ಲಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಹೂವಿನ ತೋಡುಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ, 1.6 ಮಿಲಿಮೀಟರ್ ಎತ್ತರ. ಸವೆತ ಆ ದಿಬ್ಬಕ್ಕೆ ಸಮನಾದ ದಿನ ಟೈರಿನ ಆಯುಷ್ಯ ಮುಗಿಯಿತು. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ ಇಟ್ಟು ಓಡಿಸಿದ್ದು, ನಡು ಸವೆದಿದ್ದರೆ ಹೆಚ್ಚು, ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದ್ದು. ಪಕ್ಕದಲ್ಲಿ ಗುಳ್ಳೆಯಂಥ ಉಬ್ಬು ಎದ್ದರೆ ಒಳಗಿನ ದಾರ ಕಡಿದಿದೆ, ಅದಕ್ಕೆ ಮದ್ದಿಲ್ಲ. ಹವಾ ನೋಡಿಸುವುದು ಬಿಸಿಲೇರುವ ಮೊದಲು, ಚಕ್ರ ತಣ್ಣಗಿದ್ದಾಗ. ಓಡಿ ಕಾದ ಟೈರು ಇಲ್ಲದ ಒತ್ತಡ ತೋರಿಸುತ್ತದೆ. ಸ್ಟೆಪ್ನಿಯನ್ನೂ ಮರೆಯದೆ.

ಜೂನಿನ ಮೊದಲ ಮಳೆಗೆ ನಾನು ದಾರಿಗಿಳಿಯುವುದು ತಡ. ತಿಂಗಳುಗಟ್ಟಲೆ ಬಿದ್ದ ಎಣ್ಣೆಯ ಹನಿ, ಧೂಳು, ಹೊಲದಿಂದ ಟ್ರ್ಯಾಕ್ಟರ್ ಚಕ್ರ ಹೊತ್ತು ತಂದ ಎರೆ, ಮೂರೂ ಕೂಡಿ ಡಾಂಬರಿನ ಮೇಲೆ ಸಾಬೂನಿನ ಪದರವಾಗುತ್ತವೆ. ಒಂದು ಗಂಟೆ ಚೆನ್ನಾಗಿ ಹೊಯ್ದು ತೊಳೆದ ಮೇಲೆ ಅದೇ ದಾರಿ ಮತ್ತೆ ಕಾಲು ಹಿಡಿಯುತ್ತದೆ.

ಮದುವೆಯ ದಿನಗಳಲ್ಲಿ ಉಮರ್ಗಾದಿಂದ ಬಸವಕಲ್ಯಾಣದ ಕಡೆಗೆ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರುಗಳ ಸಾಲು. ಎರಡು ಮುಂಸೀಟುಗಳ ನಡುವೆ ಜರಿಯಂಗಿಯ ಮಗುವೊಂದು ಕೈ ಚಾಚಿ ನಿಂತಿರುತ್ತದೆ. ಇಲ್ಲದಿದ್ದರೆ ಮುಂಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ. ನನಗೆ ಆ ನೋಟ ಸಹಿಸಲಾಗುವುದಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ರೆಪ್ಪೆ ಬಡಿಯುವುದಕ್ಕಿಂತ ಬೇಗ. ಬೆಲ್ಟ್ ಕಟ್ಟಿದ ದೊಡ್ಡವರನ್ನು ಕಾಯಲೆಂದು ಮಾಡಿದ ಆ ಪೆಟ್ಟು ಎದುರಿಗೇ ಕೂತ ಕೂಸಿಗೆ ತಾಳದು. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟೇ ಇವತ್ತಿಗೂ ಎಲ್ಲಕ್ಕಿಂತ ಮೊದಲಿನ ಕಾವಲು. ಅದರ ಸುರುಳಿಯನ್ನು ನಾನು ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಮೆಲ್ಲಗೆ ಎಳೆದರೆ ಬೆಕ್ಕಿನ ಮೈಯಂತೆ ಸಡಿಲವಾಗಿ ಬರುತ್ತದೆ. ಜಗ್ಗಿದರೆ ಒಳಗೆ ಹಲ್ಲು ಕಚ್ಚಿ ಒಂದಿಂಚೂ ಬಿಡುವುದಿಲ್ಲ. ಜಗ್ಗಿದಾಗಲೂ ಹಿಡಿಯದ ಬೆಲ್ಟ್, ಅಂಚು ಜಿಬಿರಾದ ಬೆಲ್ಟ್ ಬದಲಾಗಲೇಬೇಕು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಸದ್ದು, ಗಂಟೆಗೆ 80 ಕಿಲೋಮೀಟರ್ ದಾಟಿದರೆ ಎಚ್ಚರಿಸುವ ಸದ್ದು ಕಡ್ಡಾಯವಾದವು. ಆ ಸದ್ದು ಅಡಗಿಸಲು ಬೆಲ್ಟಿಲ್ಲದ ಬರಿಯ ಬಕಲ್ ಕೊಂಡು ಸಿಕ್ಕಿಸುವವರಿದ್ದಾರೆ. ಟಿಟ್ಟಿಭದ ಬಾಯಿ ಕಟ್ಟಿದಂತೆ ಅನಿಸುತ್ತದೆ ನನಗೆ. ಕೆರೆಯ ಜೀವಗಳೆಲ್ಲ ಅದರ ಕೂಗು ನಂಬಿ ಬದುಕಿರುತ್ತವೆ.

ಇರುಳಿನ ದಾರಿಯ ಮಾತು ಬೇರೆ.

ಕತ್ತಲಾದ ಮೇಲೆ ಹೆಡ್‌ಲೈಟಿನಲ್ಲಿ ಮೊದಲು ಕಾಣುವುದು ಮೈಗಳಲ್ಲ, ಕಣ್ಣುಗಳು. ದನದ ಕಣ್ಣು ನೀಲಿ ಬೆರೆತ ಹಸಿರು, ಕೆಳಗೆ ಮೇಲೆ ನಿಧಾನಕ್ಕೆ ತೂಗುತ್ತ ಬರುತ್ತದೆ. ಕಾಡುಬೆಕ್ಕಿನದು ಹಳದಿ ಹಸಿರು, ಒಮ್ಮೆ ಕಂಡು ತಟ್ಟನೆ ಆರುತ್ತದೆ, ತಲೆ ತಿರುಗಿಸಿದ ಗುರುತು. ಮೊಲದ್ದು ಮಸುಕು ಗುಲಾಬಿ, ನೆಗೆನೆಗೆದು ಸಾಗುವ ಒಂಟಿ ಚುಕ್ಕೆ. ನತ್ತಿಂಗ ಹಕ್ಕಿ ಹಗಲಿನ ಕಾವು ಉಳಿದ ಡಾಂಬರಿನ ಮೇಲೆ ಕೂತಿರುತ್ತದೆ. ಅದರ ಕಣ್ಣು ಊದಿದ ಕೆಂಡ. ರಸ್ತೆಯಂಚಿನ ಹುಲ್ಲಿನಲ್ಲಿ ಇಬ್ಬನಿ ಎಂದುಕೊಂಡದ್ದು ಎಷ್ಟೋ ಸಲ ಬೇಟೆಗೆ ಹೊರಟ ಜೇಡಗಳ ಕಣ್ಣು, ವಜ್ರದ ಹುಡಿಯಂತೆ. ಇವುಗಳಲ್ಲಿ ಬಹಳಷ್ಟರ ಕಣ್ಣಿನ ಹಿಂಗೋಡೆಗೆ ಕನ್ನಡಿಯಂಥ ಒಂದು ಪದರವಿದೆ. ಒಳಹೊಕ್ಕ ಬೆಳಕನ್ನು ಅದು ಬಂದ ದಾರಿಗೇ ಹಿಂದಿರುಗಿಸುತ್ತದೆ.

ದೇವಣಿ ದನಗಳ ಸೀಮೆ ಇದು. ಮೈಯೆಲ್ಲ ಬಿಳುಪಾದ ಬಾಲಂಕ್ಯಾ ಬಹಳ ದೂರದಿಂದಲೇ ತೇಲುವ ಸುಣ್ಣದ ಗೋಡೆಯಂತೆ ಕಾಣುತ್ತದೆ. ಬಿಳಿಯ ಮೇಲೆ ಕಪ್ಪು ಮಚ್ಚೆ ಚೆಲ್ಲಿದ ಶೇವರಾ ಹಾಗಲ್ಲ. ಬೆಳಕಿನಲ್ಲಿ ಅದರ ಮೈ ತುಂಡುತುಂಡಾಗುತ್ತದೆ, ಅಲ್ಲೊಂದು ಚೂರು ಬಿಳಿ, ಇಲ್ಲೊಂದು ಚೂರು, ನಡುವೆ ಇರುಳೇ. ದನ ಎಂದು ಮನಸ್ಸು ಕೂಡಿಸಿಕೊಳ್ಳುವಷ್ಟರಲ್ಲಿ ಕಾರು ಬಹಳ ಮುಂದೆ ಬಂದಿರುತ್ತದೆ.

ಆದರೆ ಕಾಡುಹಂದಿಗೆ ಆ ಕನ್ನಡಿ ಇಲ್ಲ. ಮೈಯೂ ಎರೆಯ ಬಣ್ಣ, ಕಣ್ಣೂ ಮಿಂಚುವುದಿಲ್ಲ. ಕಬ್ಬಿನ ಗದ್ದೆಯಿಂದ ಗದ್ದೆಗೆ ದಾಟುವಾಗ ಅದು ದಾರಿಯ ಮೇಲೆ ಕತ್ತಲೆಯ ಒಂದು ಗಂಟು ಮಾತ್ರ. ಮನುಷ್ಯನಿಗೂ ಇಲ್ಲ. ಹೊಲದಿಂದ ತಡವಾಗಿ ಮರಳುವ ಮುತ್ಯಾ, ಹೆಗಲಿಗೆ ಕಪ್ಪು ಕಂಬಳಿ, ನಮ್ಮ ಬೆಳಕಿಗೆ ಏನನ್ನೂ ಮರಳಿಸುವುದಿಲ್ಲ. ಮೂರನೆಯದು, ಕಬ್ಬು ನುರಿಸುವ ತಿಂಗಳುಗಳಲ್ಲಿ, ಒಂದರ ಹಿಂದೆ ಇನ್ನೊಂದು ಟ್ರಾಲಿ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು. ಟ್ರಾಲಿಯ ಅಂಚು ಮೀರಿ ಹಿಂದಕ್ಕೆ ಚಾಚಿದ ಜಲ್ಲೆಗಳು, ಹಿಂದೆ ದೀಪವಿಲ್ಲ, ಇದ್ದರೂ ಸೋಗೆಯ ಮರೆಗೆ.

ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಕಂಡದ್ದು ಕಾಲಿಗೆ ತಿಳಿಯಲು ಒಂದು ಸೆಕೆಂಡ್ ಬೇಕೇ ಬೇಕು. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೂ 35 ಮೀಟರ್ ಮೇಲೆ. ಎರಡೂ ಕೂಡಿ ಸುಮಾರು 58. ಡಿಪ್ಪರಿನ ಬೆಳಕಿಗೆ ಕಪ್ಪು ವಸ್ತುವೊಂದು ಸ್ಪಷ್ಟವಾಗಿ ಸಿಕ್ಕುವುದು ಅದಕ್ಕಿಂತ ಹತ್ತಿರದಲ್ಲಿ. 60ರಲ್ಲಿ ಓಡಿದರೆ ಅದೇ ಲೆಕ್ಕ 37 ಮೀಟರಿಗೆ ಇಳಿಯುತ್ತದೆ. ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಕೂಡಿಸಿ ನೋಡಿದ ದಿನದಿಂದ ಇರುಳು ನನ್ನ ಮುಳ್ಳು 50 ದಾಟಿಲ್ಲ.

ಕೂಡಿಸಿ ನೋಡಲು ಕಾರಣವಾದದ್ದು ಒಂದು ಡಿಸೆಂಬರ್ ರಾತ್ರಿ. ನಿಲಂಗಾದಿಂದ ಉದಗೀರಿನ ಕಡೆಗೆ, ವಲಾಂಡಿ ಇನ್ನೂ ಮುಂದಿತ್ತು. ನೆಲಮಟ್ಟದಲ್ಲಿ ತೆಳ್ಳಗೆ ಮಂಜು, ಎದುರಿನಿಂದ ದೂರದ ಬೆಳಕು ಹಾಕಿಕೊಂಡ ಲಾರಿ. ನಾನು ಕಣ್ಣನ್ನು ರಸ್ತೆಯ ಎಡದಂಚಿಗೆ ಇಳಿಸಿದೆ. ಅಂಚಿನಾಚೆ ದೂರದ ಹಳ್ಳಿಯೊಂದರ ದೀಪಗಳು ಸಾಲಾಗಿದ್ದವು. ಆ ಸಾಲಿನ ನಡುವಿನ ಎರಡು ದೀಪ ಇದ್ದಕ್ಕಿದ್ದಂತೆ ಇರಲಿಲ್ಲ. ಇರುಳಿನಲ್ಲಿ ಕೊಂಬೆಯ ಮೇಲಿನ ಹಾಲಕ್ಕಿಯನ್ನು ಹುಡುಕುವವನು ಹಕ್ಕಿಯನ್ನು ನೋಡುವುದಿಲ್ಲ, ಅದು ಮರೆಮಾಡಿದ ನಕ್ಷತ್ರವನ್ನು ನೋಡುತ್ತಾನೆ. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಟೈರು ಅರಚಿತು, ಬೆಲ್ಟು ಎದೆಗೆ ಕಚ್ಚಿತು. ಕಾರು ನಿಂತಾಗ ಜಲ್ಲೆಗಳ ತುದಿಗಳು ಗಾಜಿನಿಂದ ಒಂದು ಮಾರು ದೂರದಲ್ಲಿದ್ದವು, ಕಡಿದ ಬಾಯಿ ತೇವವಾಗಿ. ಕಿಟಕಿಯಿಂದ ಹಸಿ ಕಬ್ಬಿನ ವಾಸನೆ ಬಂತು. ಟ್ರ್ಯಾಕ್ಟರ್ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು, ಅದರ ಮೇಲಿನವರಿಗೆ ಏನೂ ತಿಳಿದಿರಲಿಲ್ಲ. ನಾಲ್ಕೂ ಇಂಡಿಕೇಟರ್ ಹಾಕಿ, ರಸ್ತೆ ಬಿಟ್ಟು ಕೆಳಗಿಳಿಸಿ, ಕೈ ನಡುಕ ನಿಲ್ಲುವ ತನಕ ಕೂತೆ. ಬೇಲಿಯಲ್ಲಿ ನತ್ತಿಂಗ ಕೂಗುತ್ತಿತ್ತು, ಗಟ್ಟಿ ನೆಲದ ಮೇಲೆ ಗೋಲಿ ಪುಟಿದು ಪುಟಿದು ನಿಲ್ಲುವಂತೆ.

ಮರುವಾರ ಉಮರ್ಗಾದಲ್ಲಿ ಕೆಂಪು ರೇಡಿಯಂ ಪಟ್ಟಿಯ ಸುರುಳಿ ಕೊಂಡೆ. ಹೆಸರು ರೇಡಿಯಂ ಆದರೂ ಅದು ತಾನಾಗಿ ಹೊಳೆಯುವ ವಸ್ತುವಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಜೇನುಗೂಡಿನ ಮನೆಗಳು, ಒಂದೊಂದರಲ್ಲೂ ಬೆಳಕನ್ನು ಬಂದ ಕಡೆಗೇ ತಿರುಗಿಸುವ ಮೂಲೆಗಳು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಪರ್ಸಿ ಶಾ ಎಂಬಾತ 1934ರಲ್ಲಿ ರಸ್ತೆಯ ನಡುಗೆರೆಗೆ ಇಂಥದೇ ಗಾಜಿನ ಗುಂಡುಗಳನ್ನು ಹುಗಿದು ಅದಕ್ಕೆ ಬೆಕ್ಕಿನ ಕಣ್ಣು ಎಂದೇ ಹೆಸರಿಟ್ಟ. ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳು ಸರದಿಗೆ ಕಾಯುತ್ತ ನಿಲ್ಲುತ್ತವೆ. ಚಹಾದಂಗಡಿಯ ಮುಂದೆ ಕೂತ ಹುಡುಗರನ್ನು ಕೇಳಿದೆ, ಹಿಂದೆ ಎರಡು ತುಂಡು ಹಚ್ಚಲೇ ಎಂದು. "ಹಚ್ಚ್ರಿ ಕಾಕಾ, ನಂದೇನ್ ಹೋಗ್ತದ" ಎಂದ ಮೊದಲನೆಯವನು. ಧೂಳು ಒರೆಸಿ, ಒಣಬಟ್ಟೆಯಿಂದ ಉಜ್ಜಿ, ಸೋಗೆ ಮುಚ್ಚದಷ್ಟು ಕೆಳಗೆ, ಎರಡೂ ಮೂಲೆಗೆ. ಆ ಹಂಗಾಮಿನಲ್ಲಿ ನಲವತ್ತೊಂದು ಟ್ರಾಲಿ. ಕೆಲವರು ಬೇಡವೆಂದರು. ಒಬ್ಬ ಎತ್ತಿನ ಬಂಡಿಯವನು ತಾನೇ ಕರೆದು ಬಂಡಿಯ ಹಿಂದೆಯೂ ಹಚ್ಚಿಸಿಕೊಂಡ.

ಜನವರಿಯಲ್ಲಿ ಒಂದು ರಾತ್ರಿ, ಅದೇ ದಾರಿಗೆ ಹತ್ತಿದ ಹೊಲದ ಓಣಿಯಲ್ಲಿ ಕಾರು ಒಳಗೆ ನಿಲ್ಲಿಸಿ, ಎಂಜಿನ್ ಆರಿಸಿ ಕೂತಿದ್ದೆ. ಟಿಕ್ ಟಿಕ್ ನಿಂತಿತ್ತು. ಡಾಂಬರಿನ ಮೇಲೆ ನತ್ತಿಂಗ ಇಳಿದದ್ದು ರೆಕ್ಕೆಯ ಸದ್ದಿಲ್ಲದೆ. ದೂರದಲ್ಲಿ ಟ್ರಾಲಿಯೊಂದು ಏರಿನಲ್ಲಿ ನಿಧಾನಕ್ಕೆ ಸಾಗುತ್ತಿತ್ತು, ಕಾಣುತ್ತಿರಲಿಲ್ಲ, ಎಂಜಿನಿನ ದುಡುದುಡು ಮಾತ್ರ. ನನ್ನ ಹಿಂದಿನಿಂದ ಜೀಪೊಂದು ಬಂತು. ಅದರ ಬೆಳಕು ತಿರುವು ಹಾಯ್ದು ನೆಟ್ಟಗಾದ ಕೂಡಲೇ ಮೊದಲು ನತ್ತಿಂಗದ ಕೆಂಡ, ಅದರಾಚೆ ಎಷ್ಟೋ ದೂರದಲ್ಲಿ ಎರಡು ಕೆಂಪು ಚೌಕಗಳು ಹೊತ್ತಿಕೊಂಡವು. ಜೀಪು ವೇಗ ಇಳಿಸಿತು. ನತ್ತಿಂಗ ಎದ್ದು ಹೋಯಿತು. ಆಗ ಎಡಗಡೆಯ ಕೆಂಪು ಒಮ್ಮೆ ಮಾಯವಾಗಿ ಮತ್ತೆ ಕಂಡಿತು. ಮತ್ತೊಮ್ಮೆ ಮಾಯವಾಯಿತು, ಕಂಡಿತು. ಏನೋ ದಾರಿ ದಾಟುತ್ತಿತ್ತು, ಬೆಳಕಿಗೆ ಏನನ್ನೂ ಕೊಡದೆ. ಜೀಪಿನವನಿಗೂ ಅದು ತಿಳಿಯಿತೆಂದು ಕಾಣುತ್ತದೆ, ಪೂರಾ ನಿಲ್ಲಿಸಿ ಡಿಪ್ಪರ್ ಮಾಡಿದ. ನಾನು ಎಣಿಸಿದೆ. ಎರಡು ಸಲ ಪೂರ್ತಿ ಚೌಕ, ಮೂರು ಸಲ ಅದರ ಕೆಳಗಿನ ಅರ್ಧ ಮಾತ್ರ. ಕಬ್ಬಿನ ಸೋಗೆ ಸರಸರ ಎಂದು ಸರಿದು ಸುಮ್ಮನಾಯಿತು. ಪುಸ್ತಕದಲ್ಲಿ ಬರೆದುಕೊಂಡೆ: ರಾತ್ರಿ 9.10, ಹಂದಿ, ದೊಡ್ಡವು ಎರಡು, ಮರಿ ಮೂರು.